ಹಳೇ ಹಿಟಾಚಿಯ ಆಯಿಲ್ ಲೈಟ್: ಹತ್ತಿದರೆ ಏನು, ಹತ್ತದೇ ಇದ್ದರೆ ಏನು?

[ದೃಶ್ಯ: ಕ್ಯಾಬಿನ್ ಒಳಗೆ. ಕೀ ಆನ್ ಆಗುತ್ತೆ. ಮೀಟರ್ ಬೋರ್ಡ್ ಹತ್ತಿರದಿಂದ.]

ಕೀ ಆನ್ ಮಾಡಿದೀನಿ, ಎಂಜಿನ್ ಇನ್ನೂ ಸ್ಟಾರ್ಟ್ ಮಾಡಿಲ್ಲ. ಬ್ಯಾಟರಿ ಲೈಟ್ ಹತ್ತಿದೆ. ಆಯಿಲ್ ಲೈಟ್? ಇಲ್ಲ. ಈ ಮೆಷಿನ್ ಮಾರೋಕೆ ಬಂದವರು "ಆಯಿಲ್ ಲೈಟ್ ಒಂದು ದಿನಾನೂ ಹತ್ತಿಲ್ಲ ಸರ್" ಅಂದಿದ್ರು. ಸುಳ್ಳು ಹೇಳಿಲ್ಲ ಪಾಪ. ಹೋಲ್ಡರ್‌ನಲ್ಲಿ ಬಲ್ಬೇ ಇಲ್ಲ.

ನಮಸ್ಕಾರ. ಹಳೇ ಹಿಟಾಚಿ ತಗೊಳೋಕೆ ಹೊರಟವರಿಗೆ, ತಗೊಂಡು ತಲೆ ಮೇಲೆ ಕೈ ಹೊತ್ತು ಕೂತವರಿಗೆ ಈ ವಿಡಿಯೋ. ಹಿಟಾಚಿ ಅಂದ್ರೆ ಎಲ್ಲಾ ಕಂಪನಿಯ ಎಕ್ಸ್‌ಕವೇಟರೂ ಸೇರ್ತು. ಕೊಮಾಟ್ಸು ಇಟ್ಕೊಂಡವರೂ "ನಮ್ ಹಿಟಾಚಿ" ಅಂತಾನೇ ಅನ್ನೋದು.

ಆಯಿಲ್ ಲೈಟ್ ಅಂದ್ರೆ ಎಂಜಿನ್ ಆಯಿಲ್ ಪ್ರೆಶರ್ ಕಡಿಮೆ ಆದಾಗ ಹತ್ತೋ ಲೈಟ್. ಬಲ್ಬ್ ಇರೋ ಹಳೇ ಮೆಷಿನ್‌ನಲ್ಲಿ ಕೀ ಆನ್ ಆದ ಕೂಡಲೇ ಆಯಿಲ್ ಲೈಟ್ ಹತ್ತಬೇಕು, ಎಂಜಿನ್ ಸ್ಟಾರ್ಟ್ ಆಗಿ ಕೆಲವೇ ಸೆಕೆಂಡಲ್ಲಿ ಆರಬೇಕು. ಮಾನಿಟರ್ ಇರೋ ಮಾಡೆಲ್‌ಗಳಲ್ಲಿ ಎಲ್ಲಾ ಲೈಟೂ ಒಂದು ಸಲ ಹತ್ತಿ ಆರುತ್ತವೆ, ಅದ್ರಲ್ಲಿ ಇದೂ ಇದೆಯಾ ನೋಡಿ. ನನ್ನ ಕೇಳಿದ್ರೆ, ಲೈಟ್ ಹತ್ತೋ ಮೆಷಿನ್‌ಗಿಂತ ಲೈಟೇ ಹತ್ತದ ಮೆಷಿನ್‌ಗೆ ಜಾಸ್ತಿ ಹೆದರಬೇಕು.

[ದೃಶ್ಯ: ತೋಟದಲ್ಲಿ ನೀರಿನ ಪೈಪ್, ಬಾಯಿಗೆ ಹೆಬ್ಬೆರಳು.]

ಪ್ರೆಶರ್ ಅಂದ್ರೇನು? ಪೈಪ್ ಬಾಯಿಗೆ ಬೆರಳಿಟ್ರೆ ನೀರು ಚಿಮ್ಮುತ್ತೆ, ಬೆರಳು ಸಡಿಲ ಮಾಡಿದ್ರೆ ಸುಮ್ಮನೆ ಸುರಿಯುತ್ತೆ. ಎಂಜಿನ್‌ನಲ್ಲಿ ಆ ಬೆರಳಿನ ಕೆಲಸ ಮಾಡೋದು ಕ್ರ್ಯಾಂಕಿಗೂ (ಎಂಜಿನ್ ಒಳಗೆ ತಿರುಗೋ ಮುಖ್ಯ ಶಾಫ್ಟ್) ಅದನ್ನ ಹೊತ್ತ ಬೇರಿಂಗಿಗೂ ನಡುವಿನ ಕೂದಲೆಳೆಯಷ್ಟು ಸಂದು. ಬೇರಿಂಗ್ ಸವೆದು ಸಂದು ದೊಡ್ಡದಾದ್ರೆ ಪಂಪ್ ಎಷ್ಟು ತಳ್ಳಿದ್ರೂ ಪ್ರೆಶರ್ ನಿಲ್ಲಲ್ಲ. ಆಯಿಲ್ ತೆಳ್ಳಗಾದ್ರೂ ಅದೇ ಕಥೆ.

ಅದಕ್ಕೇ ಬೆಳಿಗ್ಗೆ ತಣ್ಣಗಿದ್ದಾಗ ಎಲ್ಲಾ ಚೆನ್ನಾಗಿರುತ್ತೆ. ಮಧ್ಯಾಹ್ನ ಮೆಷಿನ್ ಕಾದ ಮೇಲೆ, ಅದೂ ಐಡಲ್‌ನಲ್ಲಿ (ಲೋಡ್ ಇಲ್ಲದೆ ಕಡಿಮೆ ಸ್ಪೀಡಲ್ಲಿ ಓಡುವಾಗ), ಲೈಟ್ ಮಿಣುಕುತ್ತೆ. ಹಿಟಾಚಿಯಲ್ಲಿ ಇನ್ನೊಂದು ವಿಷಯ ಇದೆ. ಆಟೋ ಐಡಲ್ ಹಾಕಿದ್ರೆ ಲಿವರ್ ಬಿಟ್ಟ ನಾಲ್ಕೈದು ಸೆಕೆಂಡಿಗೆ ಎಂಜಿನ್ ತಾನೇ ಇಳಿಯುತ್ತೆ. ಟಿಪ್ಪರ್ ಬರೋದು ಕಾಯ್ತಾ ಆಪರೇಟರ್ ಕೈ ತೆಗೀತಾನೆ, ಲೈಟ್ ಮಿಣುಕುತ್ತೆ, ಲಿವರ್ ಹಿಡಿದ್ರೆ ಆರುತ್ತೆ. "ಕೆಲಸ ಮಾಡುವಾಗ ಏನೂ ಇಲ್ಲ ಅಣ್ಣಾ" ಅಂತಾನೆ. ಆ ಮಾತು ಕೇಳಿ ನಾನೂ ಒಂದು ಸಲ ಎರಡು ವಾರ ಓಡಿಸಿದ್ದೆ. ಕೊನೆಗೆ ಕ್ರ್ಯಾಂಕ್ ಗ್ರೈಂಡಿಂಗಿಗೆ ಹೋಯ್ತು.

[ದೃಶ್ಯ: ಸಮತಟ್ಟಾದ ಜಾಗದಲ್ಲಿ ಮೆಷಿನ್. ಡಿಪ್‌ಸ್ಟಿಕ್ ಎಳೆಯುತ್ತಾ.]

ಲೈಟ್ ಹತ್ತಿದ್ರೆ ಮೊದಲು ಎಂಜಿನ್ ಬಂದ್. "ಈ ಒಂದು ಲೋಡ್ ತುಂಬಿಬಿಡ್ತೀನಿ" ಅನ್ನೋದೆಲ್ಲ ಬೇಡ. ಹದಿನೈದು ನಿಮಿಷ ಬಿಟ್ಟು ಡಿಪ್‌ಸ್ಟಿಕ್, ಅಂದ್ರೆ ಆಯಿಲ್ ಲೆವೆಲ್ ತೋರಿಸೋ ಕಡ್ಡಿ, ನೋಡಿ. ಕಡಿಮೆ ಇದ್ರೆ ಕಾರಣ ಸಿಕ್ಕಿತು, ಆದ್ರೆ ಅದು ಎಲ್ಲಿಗೆ ಹೋಯ್ತು ಅಂತ ಹುಡುಕಬೇಕು. ಕೊಡಗು, ಮಲೆನಾಡಲ್ಲಿ ಇಳಿಜಾರಲ್ಲಿ ನಿಂತು ಕಟಿಂಗ್ ಮಾಡುವಾಗ ಮಾತ್ರ ಲೈಟ್ ಬಂದ್ರೆ, ಆಯಿಲ್ ಎಂಜಿನ್ ತಳದ ಚೇಂಬರಿನ ಒಂದು ಮೂಲೆಗೆ ಸರಿದು ಪಂಪ್ ಗಾಳಿ ಎಳೀತಿರಬಹುದು. ಆಗಲೂ ಮೊದಲು ನೋಡಬೇಕಾದ್ದು ಲೆವೆಲ್ಲೇ.

ಲೆವೆಲ್ ಏರಿದ್ರೆ ಖುಷಿ ಪಡಬೇಡಿ. ಹಾಕದೇ ಇರೋ ಆಯಿಲ್ ಹೇಗೆ ಹೆಚ್ಚಾಗುತ್ತೆ? ಮೂಸಿ ನೋಡಿ. ಡೀಸೆಲ್ ವಾಸನೆ ಬಂದ್ರೆ ಫೀಡ್ ಪಂಪ್ ಡಯಾಫ್ರಾಮ್ ಹರಿದಿರಬಹುದು, ಇಲ್ಲಾ ಡೀಸೆಲ್ ಪಂಪಿನ ಆಯಿಲ್ ಸೀಲ್ ಹೋಗಿರಬಹುದು. ಹಾಲು ಹಾಕಿದ ಕಾಫಿ ಥರ ಕಂಡ್ರೆ ನೀರು ಸೇರಿದೆ. ಆಗ ರೇಡಿಯೇಟರ್ ಕ್ಯಾಪ್ ಕೂಡ ತೆಗೆದು ನೋಡಿ, ಪೂರ್ತಿ ತಣ್ಣಗಾದ ಮೇಲೆ. ಒಳಗೆ ಆಯಿಲ್ ತೇಲ್ತಿದ್ರೆ ಆಯಿಲ್ ಕೂಲರ್ ಮೇಲೆ ಮೊದಲ ಅನುಮಾನ.

[ದೃಶ್ಯ: ಪ್ರೆಶರ್ ಸ್ವಿಚ್, ವೈರ್ ಬಿಚ್ಚುತ್ತಾ.]

ಲೆವೆಲ್, ಬಣ್ಣ ಎಲ್ಲಾ ಸರಿ ಇದ್ರೆ ಆಯಿಲ್ ಪ್ರೆಶರ್ ಸ್ವಿಚ್‌ಗೆ ಬನ್ನಿ. ಹಳೇ ಮೆಷಿನ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ವೈರ್ ಇರೋ ಸ್ವಿಚ್. ಪ್ರೆಶರ್ ಇಲ್ಲದಾಗ ಅದು ವೈರನ್ನ ಅರ್ಥ್ ಮಾಡುತ್ತೆ (ಬಾಡಿಗೆ ಸೇರಿಸುತ್ತೆ), ಲೈಟ್ ಹತ್ತುತ್ತೆ. ಎಂಜಿನ್ ಬಂದ್ ಇಟ್ಟು, ಕೀ ಆನ್ ಮಾಡಿ, ವೈರ್ ಬಿಚ್ಚಿ. ಆಗಲೂ ಲೈಟ್ ಆರದಿದ್ರೆ ವೈರ್ ಎಲ್ಲೋ ಉಜ್ಜಿ ಬಾಡಿಗೆ ತಾಗಿದೆ. ಆರಿದ್ರೆ ವೈರ್ ಸರಿ ಇದೆ ಅಂತ ಅಷ್ಟೇ ಅರ್ಥ. ಅಷ್ಟಕ್ಕೇ "ಸ್ವಿಚ್ ಹೋಗಿದೆ" ಅಂದು ಹೊಸದು ಹಾಕಿ ಕೈ ತೊಳ್ಕೊಳೋರು ತುಂಬಾ ಜನ. ಮೂರು ವೈರ್ ಇರೋ ಸೆನ್ಸರ್ ಆದ್ರೆ ಈ ಆಟ ಬೇಡ. ಅದು ಇಸಿಎಂಗೆ (ಎಂಜಿನ್ ನಡೆಸೋ ಕಂಪ್ಯೂಟರ್) ಹೋಗೋ ಲೈನ್, ಅಲ್ಲಿ ವೈರ್ ಅರ್ಥ್ ಮಾಡೋಕೆ ಹೋಗ್ಬೇಡಿ.

[ದೃಶ್ಯ: ಸ್ವಿಚ್ ಜಾಗದಲ್ಲಿ ಕೂರಿಸಿದ ಮೆಕ್ಯಾನಿಕಲ್ ಗೇಜ್.]

ನಿಜ ಹೇಳೋದು ಇದು. ಸ್ವಿಚ್ ತೆಗೆದ ಜಾಗಕ್ಕೆ ಸರಿಯಾದ ಥ್ರೆಡ್ ಇರೋ ಅಡಾಪ್ಟರ್ ಹಾಕಿ ಪ್ರೆಶರ್ ಗೇಜ್ ಕೂರಿಸಿ. ಒಂದು ಗಂಟೆ ಮಣ್ಣು ತೆಗೀರಿ, ಮೆಷಿನ್ ಚೆನ್ನಾಗಿ ಕಾಯಲಿ. ಆಮೇಲೆ ಐಡಲ್‌ನಲ್ಲೂ ಫುಲ್ ಆಕ್ಸಿಲರೇಟರ್‌ನಲ್ಲೂ ಓದಿ. ಉದಾಹರಣೆಗೆ ಕಮಿನ್ಸ್ 5.9 ಲೀಟರ್ ಬಿ ಸೀರೀಸ್ ಎಂಜಿನ್‌ಗೆ ಬಿಸಿ ಐಡಲ್‌ನಲ್ಲಿ ಕನಿಷ್ಠ 10 ಪಿಎಸ್‌ಐ (ಪ್ರೆಶರ್ ಅಳತೆ), ಫುಲ್ ಸ್ಪೀಡಲ್ಲಿ ಕನಿಷ್ಠ 30. ನಮ್ಮ ಮೇಸ್ತ್ರಿಗಳ ಲೆಕ್ಕದಲ್ಲಿ (ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಅಂತ) ಮುಕ್ಕಾಲು ಕೆಜಿಗೆ ಸ್ವಲ್ಪ ಕಡಿಮೆ, ಮತ್ತೆ ಎರಡು ಕೆಜಿ ಚಿಲ್ಲರೆ. ಬೇರೆ ಎಂಜಿನ್ ಆದ್ರೆ ಅದರ ಮ್ಯಾನುಯಲ್ ನೋಡಿ.

ಗೇಜ್ ಮುಳ್ಳು ಹೇಗೆ ಆಡುತ್ತೆ ಅನ್ನೋದೂ ಮುಖ್ಯ. ಮುಳ್ಳು ನಡುಗ್ತಿದ್ರೆ, ಸ್ಟಾರ್ಟ್ ಆದ ಮೇಲೆ ನಿಧಾನಕ್ಕೆ ಏರಿದ್ರೆ, ಚೇಂಬರಿಂದ ಪಂಪಿಗೆ ಆಯಿಲ್ ಎಳೆಯೋ ಸಕ್ಷನ್ ಪೈಪಿನ ಗ್ಯಾಸ್ಕೆಟ್‌ನಿಂದ ಗಾಳಿ ಎಳೀತಿರಬಹುದು. ಚೇಂಬರ್ ಬಿಚ್ಚಿದಾಗ ಪೈಪ್ ಕ್ರ್ಯಾಕ್ ಇದೆಯಾ ಅಂತಾನೂ ನೋಡಿ, ಜೊತೆಗೆ ಜಾಲರಿ. ಹಿಂದಿನ ಮೇಸ್ತ್ರಿ ಗ್ಯಾಸ್ಕೆಟ್ ಪೇಸ್ಟನ್ನ ದೋಸೆಗೆ ಚಟ್ನಿ ಹಚ್ಚಿದಂಗೆ ಹಚ್ಚಿದ್ರೆ, ಆ ಚೂರೆಲ್ಲಾ ಅಲ್ಲೇ ಕೂತಿರುತ್ತೆ. ಇದ್ದಕ್ಕಿದ್ದ ಹಾಗೆ ಐಡಲ್, ಫುಲ್ ಎರಡರಲ್ಲೂ ಪ್ರೆಶರ್ ಬಿದ್ರೆ, ಹೆಚ್ಚಾದ ಪ್ರೆಶರ್ ಹೊರಬಿಡೋ ರಿಲೀಫ್ ವಾಲ್ವ್ ಕಸ ಸಿಕ್ಕಿ ತೆರೆದೇ ಉಳಿದಿದೆಯಾ ನೋಡಿ. ಅದಾದ್ರೆ ನಿಮ್ಮ ಪುಣ್ಯ, ಸಣ್ಣ ಕೆಲಸ.

[ದೃಶ್ಯ: ಕತ್ತರಿಸಿದ ಫಿಲ್ಟರ್, ಬಿಡಿಸಿದ ಪೇಪರ್.]

ತಿಂಗಳುಗಟ್ಟಲೆ ನಿಧಾನಕ್ಕೆ ಇಳಿದಿದ್ರೆ ಹಳೇ ಫಿಲ್ಟರ್ ಕೊಯ್ದು ನೋಡಿ. ಫಿಲ್ಟರ್ ಕಟರ್ ಸಿಕ್ಕಿದ್ರೆ ಒಳ್ಳೇದು. ಹ್ಯಾಕ್ಸಾದಲ್ಲಿ ಕೊಯ್ದ್ರೆ ಅದರದ್ದೇ ಕಬ್ಬಿಣದ ಪುಡಿ ಒಳಗೆ ಬಿದ್ದು, ಇಲ್ಲದ ಗಾಬರಿ. ಪೇಪರ್ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿರಿ. ತಾಮ್ರದ ಬಣ್ಣದ ಚೂರು ಹೊಳೀತಿದ್ರೆ ಬೇರಿಂಗಿನ ಮೇಲ್ಪದರ ಸವೆದು ಒಳಪದರಕ್ಕೆ ಬಂದಿದೆ ಅಂತ ತಿಳ್ಕೊಳ್ಳಿ. ಇನ್ನು ಸ್ವಿಚ್, ಸೆನ್ಸರ್ ಮಾತಾಡಿ ಪ್ರಯೋಜನ ಇಲ್ಲ, ಚೇಂಬರ್ ಬಿಚ್ಚಲೇಬೇಕು.

ತಗೊಳೋರಿಗೆ ಇನ್ನೊಂದು ಮಾತು. ಮಾರೋ ಮುಂಚೆ ದಪ್ಪ ಆಯಿಲ್ ಹಾಕೋದು ಹಳೇ ಕಸುಬು. ಸವೆದ ಬೇರಿಂಗೂ ಒಂದಷ್ಟು ದಿನ ಪ್ರೆಶರ್ ತೋರಿಸುತ್ತೆ. ಅದಕ್ಕೆ ಮುಂಚೇನೇ ಹೇಳಿ, "ನಾನು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ" ಅಂತ. ಹೋದ ತಕ್ಷಣ ಎಂಜಿನ್ ಮೇಲೆ ಕೈ ಇಡಿ. ಬೆಚ್ಚಗಿದ್ರೆ ಯಾಕೆ ಅಂತ ಕೇಳಿ. ಆಮೇಲೆ ಒಂದು ಗಂಟೆ ನೀವೇ ಕೆಲಸ ಮಾಡಿಸಿ, ಗೇಜ್ ಹಾಕಿ, ಐಡಲ್‌ಗೆ ಇಳಿಸಿ. ಗೇಜ್ ಹಾಕೋಕೆ ಬಿಡಲ್ಲ ಅಂದ್ರೆ ಅಡ್ವಾನ್ಸ್ ಕೊಡ್ಬೇಡಿ.

[ದೃಶ್ಯ: ಮೊದಲಿನ ಮೆಷಿನ್. ಹೋಲ್ಡರ್‌ಗೆ ಹೊಸ ಬಲ್ಬ್. ಬಿಸಿ ಎಂಜಿನ್, ಐಡಲ್. ಲೈಟ್ ಮಿಣುಕುತ್ತದೆ, ಗೇಜ್ ಮುಳ್ಳು 6 ಪಿಎಸ್‌ಐ ಹತ್ತಿರ.]

ಇದೇ ಆ ಮೆಷಿನ್. ಇದೂ 5.9 ಕಮಿನ್ಸೇ. ನಲವತ್ತು ರೂಪಾಯಿ ಬಲ್ಬ್ ಹಾಕಿದೆ, ಅಷ್ಟೇ. ಮಾರೋಕೆ ಬಂದವರು ಈಗ ಫೋನ್ ಎತ್ತುತ್ತಿಲ್ಲ.