ತಾರೀಖು ನೋಡಿದ್ದೀರಾ?

ರೈತ ಬಂಧುಗಳೇ, ನಮಸ್ಕಾರ. ಹಾಲು ಡೈರಿಗೆ ಹಾಕಿ ಬಂದು ಈಗಷ್ಟೇ ಕೂತಿರುತ್ತೀರಿ. ಸ್ವಲ್ಪ ಇತ್ತ ಕಿವಿ ಕೊಡಿ.

ನಾನು ವಕೀಲನಲ್ಲ, ಅರೆಕಾನೂನು ಸ್ವಯಂಸೇವಕ. ಕರಿ ಕೋಟಿಲ್ಲ, ಕೋರ್ಟಿನಲ್ಲಿ ವಾದ ಮಾಡುವ ಹಾಗೂ ಇಲ್ಲ. ಕಾಗದ ಓದಿ ಹೇಳುತ್ತೇನೆ, ಅರ್ಜಿ ಬರೆದುಕೊಡುತ್ತೇನೆ, ಯಾವ ಕಚೇರಿಗೆ ಹೋಗಬೇಕೋ ತೋರಿಸುತ್ತೇನೆ. ದುಡ್ಡು ಕೇಳುವುದಿಲ್ಲ.

ಇವತ್ತು ಹೇಳುವುದು ಒಂದೇ ಮಾತು. ಜಮೀನಿನ ಕಾಗದ ಕೈಗೆ ಬಂದ ಕೂಡಲೇ ತಾರೀಖು ನೋಡಿ.

ಹೋದ ವರ್ಷ ಪಾವಗಡದ ಕಡೆಯ ಒಬ್ಬ ಅಮ್ಮ ಬಂದರು. ಕೈಯಲ್ಲಿ ಸೀರೆ ಅಂಗಡಿಯ ಕವರು. ಮೇಜಿನ ಮೇಲೆ ಸುರಿದರು ನೋಡಿ, ಕರೆಂಟ್ ಬಿಲ್ಲು, ರೇಷನ್ ಕಾರ್ಡಿನ ಜೆರಾಕ್ಸು, ಯಾರದೋ ಲಗ್ನಪತ್ರಿಕೆ, ಕಡಲೆಕಾಯಿ ಮಾರಿದ ಚೀಟಿ. ಅದರ ಮಧ್ಯೆ ಎರಡು ಪಹಣಿ, ಅಂದರೆ ಜಮೀನಿನ ಆರ್‌ಟಿಸಿ. ಪಹಣಿಯಲ್ಲಿ 9ನೇ ಕಾಲಂ ಮಾಲೀಕರದು, ಅಲ್ವಾ? ಹಳೆಯದರಲ್ಲಿ ಅಪ್ಪನ ಹೆಸರು. ಹೊಸದರಲ್ಲಿ ಇಬ್ಬರು ಅಣ್ಣಂದಿರು. ಆಯಮ್ಮನ ಹೆಸರೇ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಿಸಲು, ಕೊಟ್ಟ ವಂಶವೃಕ್ಷದಲ್ಲೇ ಮಗಳನ್ನು ಬಿಟ್ಟಿದ್ದರು.

“ಅಣ್ಣ ಕೊಡ್ತೀನಿ ಅಂದವ್ನೆ ಸಾರ್, ದೀಪಾವಳಿ ಕಳೀಲಿ ಅಂದವ್ನೆ” ಅಂದರು.

10ನೇ ಕಾಲಂನಲ್ಲಿದ್ದ ಎಂ.ಆರ್. ನಂಬರು (ಖಾತೆ ಬದಲಾವಣೆ ರಿಜಿಸ್ಟರಿನ ನಂಬರು) ಹಿಡಿದು ಖಾತೆ ಆದೇಶದ ನಕಲು ತೆಗೆಸಿದೆವು. ಗೋಡೆಯ ಕ್ಯಾಲೆಂಡರ್ ಇಳಿಸಿ, ಇಬ್ಬರೂ ಬೆರಳಿಟ್ಟು ಎಣಿಸಿದೆವು. ಆದೇಶವಾಗಿ 51 ದಿನ. ಅಪೀಲಿಗೆ ಇರುವುದು ಆದೇಶ ನಮಗೆ ತಿಳಿದ ದಿನದಿಂದ 60 ದಿನ; ತಕರಾರು ಬೇಡ ಅಂತ ನಾವು ಆದೇಶದ ದಿನದಿಂದಲೇ ಎಣಿಸಿದೆವು. 1964ರ ಭೂ ಕಂದಾಯ ಕಾಯ್ದೆ, ಕಲಂ 136(2). ದೀಪಾವಳಿಗೆ ಇನ್ನೂ ತಿಂಗಳಿತ್ತು! ಅಣ್ಣನ ಲೆಕ್ಕ ಅಣ್ಣನಿಗೆ ಚೆನ್ನಾಗಿಯೇ ಗೊತ್ತಿತ್ತು ಅನ್ನಿ.

57ನೇ ದಿನ ಮಧುಗಿರಿಯ ಎ.ಸಿ. (ಉಪವಿಭಾಗಾಧಿಕಾರಿ) ಕಚೇರಿಗೆ ಅಪೀಲು ಹಾಕಿಸಿದೆವು. ಸೀಲು ಬಿದ್ದ ಪ್ರತಿಯನ್ನು ಆಯಮ್ಮ ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡರು. ಕವರಿಗೆ ಹಾಕಲಿಲ್ಲ.

ಕಥೆ ಉದ್ದವಾಯಿತು. ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಖಾತೆ ಆದ ಮಾತ್ರಕ್ಕೆ ಹಕ್ಕು ಬರುವುದಿಲ್ಲ. ಪಾಲು ಕೇಳುವುದಕ್ಕೆ ಸಿವಿಲ್ ಕೋರ್ಟೇ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಕೋರ್ಟಿಗೆ ವಕೀಲರು ಬೇಕು, ನಾನು ಸಾಲುವುದಿಲ್ಲ. ಹೆಂಗಸರಿಗೆ, ಎಸ್‌ಸಿ, ಎಸ್‌ಟಿಯವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿಯಿಂದ ವಕೀಲರು ಉಚಿತ. ತಾಲ್ಲೂಕು ಕೋರ್ಟಿನಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಬದುವಿನ ಜಗಳವಾದರೆ ಹದ್ದುಬಸ್ತಿಗೆ, ಅಂದರೆ ಅಳತೆ ಮಾಡಿ ಗಡಿ ಗುರುತಿಸಿಕೊಡಲು, ಅರ್ಜಿ ಹಾಕಿ. ಮಚ್ಚು ಮನೆಯಲ್ಲೇ ಇರಲಿ.

“ಸುಗ್ಗಿ ಮುಗೀಲಿ, ನೋಡೋಣ” ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ. ವಾರಕ್ಕೆ ಇಬ್ಬರಾದರೂ ಹಾಗೆ ದಿನ ಕಳೆದುಕೊಂಡು ಬರುತ್ತಾರೆ. ಆಗ ತಡವಾದದ್ದಕ್ಕೆ ಕಾರಣ ಹೇಳುವುದೇ ದೊಡ್ಡ ಕೆಲಸ.

ಇವತ್ತು ರಾತ್ರಿ ಟ್ರಂಕು ತೆಗೆಯಿರಿ. ನೋಟಿಸೋ ಆದೇಶವೋ ಇದ್ದರೆ ತಾರೀಖು ನೋಡಿ. ನಿಮ್ಮ ಕೈಗೆ ಬಂದ ದಿನವನ್ನು ಅದರ ಹಿಂದೆ ಬರೆಯಿರಿ. ಪೆನ್ನಿಲ್ಲವಾ? ಇದ್ದಿಲಲ್ಲಾದರೂ ಬರೆಯಿರಿ. ನಮಸ್ಕಾರ.