ಸಣ್ಣ ವಿಮಾನದಲ್ಲಿ ಕಾಲು ಚಾಚೋಕೆ ಜಾಗ ಯಾಕಿಲ್ಲ?

[ದೃಶ್ಯ: ಮನೆ ನೆಲದ ಮೇಲೆ ಬಿಳಿ ಟೇಪಿನ ಎರಡು ಗೆರೆ, ನಡುವೆ ಒಂದು ಬೆಂಚು. ಇಬ್ಬರು ಅಕ್ಕಪಕ್ಕ ಕೂತಿದ್ದಾರೆ.]

ನಮಸ್ಕಾರ. ಈ ಎರಡು ಗೆರೆಗಳ ನಡುವೆ 40 ಇಂಚು ಇದೆ. ನಾನು, ನಮ್ಮಣ್ಣ ಇಬ್ಬರೂ ಇದರೊಳಗೇ ಕೂತಿದ್ದೀವಿ. ನೋಡಿ, ಭುಜಕ್ಕೆ ಭುಜ ತಾಗ್ತಿದೆ. ಅವನು ನೀರು ಕುಡಿಯೋಕೆ ಬಾಟಲಿ ಎತ್ತಿದ್ರೆ ಮೊಣಕೈ ಸೀದಾ ನನ್ನ ಪಕ್ಕೆಗೆ ಬರುತ್ತೆ.

ಸೆಸ್ನಾ 172 ವಿಮಾನದ ಕ್ಯಾಬಿನ್ ಅಗಲ ಹೆಚ್ಚುಕಡಿಮೆ ಇಷ್ಟೇ. 1956ರಲ್ಲಿ ಮಾರಾಟಕ್ಕೆ ಬಂದ ಈ ನಾಲ್ಕು ಸೀಟಿನ ವಿಮಾನ ಇದುವರೆಗೆ 44,000ಕ್ಕೂ ಹೆಚ್ಚು ತಯಾರಾಗಿದೆ. ಜಗತ್ತಲ್ಲಿ ಇಷ್ಟೊಂದು ಸಂಖ್ಯೆಯಲ್ಲಿ ಬೇರೆ ಯಾವ ವಿಮಾನವೂ ತಯಾರಾಗಿಲ್ಲ. ಬೆಂಗಳೂರಲ್ಲಿ ಜಕ್ಕೂರು ಕಡೆ ಇರೋರು ಇದು ತಲೆ ಮೇಲೆ ಹೋಗೋದನ್ನ ನೋಡೇ ಇರ್ತೀರಿ.

ಇನ್ನೊಂದು ಮುಕ್ಕಾಲು ಅಡಿ ಅಗಲ ಮಾಡಬಹುದಿತ್ತಲ್ಲ? ಮಾಡಿದವರೂ ಇದ್ದಾರೆ. ಸಿರಸ್ ಕಂಪನಿಯ ಎಸ್‌ಆರ್22 ವಿಮಾನದ ಕ್ಯಾಬಿನ್ 49 ಇಂಚು ಅಗಲ ಇದೆ. ಆದ್ರೆ ಅದರ ಎಂಜಿನ್ 310 ಅಶ್ವಶಕ್ತಿಯದು, ಸೆಸ್ನಾ 172ರ ಈಚಿನ ಮಾದರಿ 172ಎಸ್‌ನದು 180. ಒಡಲು ದಪ್ಪ ಆದಷ್ಟೂ ಗಾಳಿ ಜಾಸ್ತಿ ತಡೆಯುತ್ತೆ. ಅದನ್ನ ಸೀಳಿಕೊಂಡು ಹೋಗೋಕೆ ದೊಡ್ಡ ಎಂಜಿನ್ ಬೇಕು, ದೊಡ್ಡ ಎಂಜಿನ್‌ಗೆ ಜಾಸ್ತಿ ಇಂಧನ ಬೇಕು, ಆ ಇಂಧನಕ್ಕೂ ತೂಕ ಇದೆ.

ತೂಕ ಅಂದ್ನಲ್ಲ, ಅಸಲು ವಿಷಯ ಇರೋದೇ ಅಲ್ಲಿ. 172ಎಸ್ ಜನ, ಸಾಮಾನು, ಇಂಧನ ಎಲ್ಲಾ ಸೇರಿ ಹೊರೋದು ಸುಮಾರು 400 ಕೆಜಿ. ಟ್ಯಾಂಕ್ ತುಂಬಿಸಿದ್ರೆ ಇಂಧನವೇ 144 ಕೆಜಿ. ಉಳಿದದ್ದು 256. ತಲಾ 75 ಕೆಜಿಯ ನಾಲ್ಕು ಜನ ಕೂತ್ರೆ 300 ಆಯ್ತು! ಅಂದ್ರೆ ಟ್ಯಾಂಕ್ ಪೂರ್ತಿ ತುಂಬಿಸದೇ ಹೊರಡಬೇಕು, ಇಲ್ಲಾ ಒಬ್ಬರು ಮನೇಲಿ ಉಳೀಬೇಕು. ಸೀಟು ನಾಲ್ಕಿದೆ ಅಂತ ನಾಲ್ಕು ಜನ ಹೊರಟುಬಿಡೋ ಹಾಗಿಲ್ಲ.

[ದೃಶ್ಯ: ವಿಮಾನದ ಪಕ್ಕನೋಟದ ಚಿತ್ರ. ಎಂಜಿನ್ ಹಿಂದಿನ ಗೋಡೆಯಿಂದ ಇಂಚುಗಳ ಅಳತೆ.]

ಈಗ ಕಾಲಿನ ವಿಷಯ. ಎಂಜಿನ್ ಹಿಂದಿರೋ ಈ ಗೋಡೆಯಿಂದ ಅಳೆದ್ರೆ ಮುಂದೆ ಕೂತವರ ಭಾರ ಬೀಳೋದು ಸುಮಾರು 37 ಇಂಚಿನ ಹತ್ರ, ಹಿಂದೆ ಕೂತವರದ್ದು 73 ಇಂಚಿನಲ್ಲಿ. ಇಡೀ ವಿಮಾನದ ಗುರುತ್ವ ಕೇಂದ್ರ, ಅಂದ್ರೆ ಎಲ್ಲಾ ಭಾರ ಸಮತೂಕವಾಗಿ ನಿಲ್ಲೋ ಬಿಂದು, ಮಾತ್ರ 47.3 ಇಂಚು ದಾಟಿ ಹಿಂದಕ್ಕೆ ಹೋಗೋ ಹಾಗಿಲ್ಲ. ಕಾವಡಿ ಹೊತ್ತವರಿಗೆ ಗೊತ್ತಿರುತ್ತೆ, ಕೊಡ ಹೆಗಲಿಂದ ದೂರ ಹೋದಷ್ಟೂ ಆ ಕಡೆ ಜಗ್ಗುತ್ತೆ. ಹಿಂದಿನ ಸೀಟನ್ನ ಇನ್ನೂ ಹಿಂದಕ್ಕೆ ತಳ್ಳಿದ್ರೂ ಅದೇ ಕಥೆ. ಬಾಲ ಭಾರ ಆಗಿ ಮೂತಿ ಮೇಲೇಳುತ್ತೆ. ಮಿತಿ ಮೀರಿದ್ರೆ, ವೇಗ ಕಳ್ಕೊಂಡ ವಿಮಾನದ ಮೂತಿಯನ್ನ ಮತ್ತೆ ಕೆಳಗಿಳಿಸೋಕೇ ಆಗದೇ ಹೋಗಬಹುದು.

ಹಾಗಾಗಿಯೇ ಇಲ್ಲಿ ಒಂದೊಂದು ಇಂಚಿಗೂ ಬೆಲೆ. ಪೈಪರ್ ಕಂಪನಿ 1973ರ ತನ್ನ ನಾಲ್ಕು ಸೀಟಿನ ಚೆರೋಕೀ 180 ವಿಮಾನದ ಒಡಲನ್ನ 5 ಇಂಚು ಉದ್ದ ಮಾಡ್ತು, ಹಿಂದೆ ಕೂತವರ ಮಂಡಿಗೆ ಜಾಗ ಸಿಗಲಿ ಅಂತ. ಐದು ಇಂಚು, ಅಂದ್ರೆ ಅರ್ಧ ಗೇಣಿಗಿಂತ ಚೂರು ಜಾಸ್ತಿ. ಆದ್ರೆ ಹಿಂದೆ ಕೂತವರಿಗೆ ಆ ಅರ್ಧ ಗೇಣೇ ದೊಡ್ಡ ಉಪಕಾರ.

[ದೃಶ್ಯ: ಸೀಟಿನ ಕೆಳಗಿನ ಲೋಹದ ಹಳಿ, ಅದರಲ್ಲಿ ಸಾಲಾಗಿ ತೂತುಗಳು. ಹತ್ತಿರದಿಂದ.]

ಇದನ್ನ ಸ್ವಲ್ಪ ನಿಧಾನವಾಗಿ ನೋಡಿ. ಸೆಸ್ನಾದ ಮುಂದಿನ ಸೀಟು ಈ ಹಳಿ ಮೇಲೆ ಜಾರುತ್ತೆ. ನಿಮ್ಮ ಕಾಲಿನ ಉದ್ದಕ್ಕೆ ಹೊಂದಿಸ್ಕೊಂಡು ಸೀಟಿನ ಹಿಡಿ ಬಿಟ್ರೆ ಒಂದು ಪಿನ್ ತೂತಿಗೆ ಇಳಿದು ‘ಟಕ್’ ಅನ್ನುತ್ತೆ. ವರ್ಷಗಟ್ಟಲೆ ಉಜ್ಜಿ ಉಜ್ಜಿ ಆ ತೂತು ಸವೆದಿದ್ರೆ ಪಿನ್ ಪೂರ್ತಿ ಕೂರಲ್ಲ. ಟೇಕಾಫ್ ಆಗಿ ಮೂತಿ ಮೇಲೆದ್ದ ಕ್ಷಣದಲ್ಲಿ ಸೀಟು ಹಿಂದಕ್ಕೆ ಜಾರಿದ್ರೆ? ಪೈಲಟ್ ಕೈಯಲ್ಲಿ ಹಿಡಿದಿರೋದು ಕಂಟ್ರೋಲ್, ಹಿಂದಕ್ಕೆ ಎಳೆದ್ರೆ ಮೂತಿ ಏಳಿಸೋ ಹಿಡಿ. ಸೀಟಿನ ಜೊತೆ ಅದನ್ನೂ ಎಳ್ಕೊಂಡೇ ಹಿಂದೆ ಹೋಗ್ತಾರೆ, ಮೂತಿ ಇನ್ನೂ ಏಳುತ್ತೆ. ಇದರಿಂದ ಜೀವಗಳೇ ಹೋಗಿವೆ. 1987ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ, ಈ ಹಳಿ ಮತ್ತು ಪಿನ್ನುಗಳನ್ನ ಕಾಲಕಾಲಕ್ಕೆ ಪರೀಕ್ಷೆ ಮಾಡಲೇಬೇಕು ಅಂತ ಆದೇಶ ಹೊರಡಿಸ್ತು. ನೀವು ಮುಂದೆ ಕೂತಿದ್ರೆ, ‘ಟಕ್’ ಅಂದ ಮೇಲೂ ಸೊಂಟದಿಂದ ಸೀಟನ್ನ ಹಿಂದೆ ಮುಂದೆ ಒಮ್ಮೆ ಜೋರಾಗಿ ಅಲ್ಲಾಡಿಸಿ.

ಚಳಿಯ ವಿಷಯವೂ ಹೀಗೇ, ಸೌಕರ್ಯದ ಜೊತೆ ಅಪಾಯವೂ ಇದೆ. ಸಾವಿರ ಅಡಿಗೆ ಸುಮಾರು 2 ಡಿಗ್ರಿಯಂತೆ ತಾಪಮಾನ ಇಳಿಯುತ್ತೆ, ನೆಲದಲ್ಲಿ 27 ಇದ್ರೆ 10,000 ಅಡಿಯಲ್ಲಿ 7. ಒಂಟಿ ಎಂಜಿನ್‌ನ ಹೆಚ್ಚಿನ ಪಿಸ್ಟನ್ ವಿಮಾನಗಳಲ್ಲಿ ಬಿಸಿ ಗಾಳಿ ಬರೋದು ಎಂಜಿನ್‌ನ ಹೊಗೆ ಕೊಳವೆಯ ಸುತ್ತ ಹಾಯ್ದು. ಆ ಕೊಳವೆ ಬಿರುಕು ಬಿಟ್ರೆ ಬೆಚ್ಚಗಿನ ಗಾಳಿ ಜೊತೆ ಕಾರ್ಬನ್ ಮೊನಾಕ್ಸೈಡ್ ಕೂಡ ಒಳಗೆ ಬರುತ್ತೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. 2019ರ ಜನವರಿ 21ರಂದು ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ ಇದ್ದ ಪೈಪರ್ ಮಲಿಬು ಇಂಗ್ಲಿಷ್ ಕಾಲುವೆಗೆ ಬಿತ್ತು. ಸಾಲಾ ರಕ್ತದಲ್ಲಿ ಈ ಅನಿಲ ಅಪಾಯದ ಮಟ್ಟದಲ್ಲಿತ್ತು. ಪೈಲಟ್‌ಗೂ ಅದು ತಟ್ಟಿರಬಹುದು ಅಂತ ಬ್ರಿಟನ್ನಿನ ತನಿಖಾ ವರದಿ ಹೇಳ್ತು. ಎಚ್ಚರಿಕೆ ಕೊಡೋ ಪುಟ್ಟ ಡಿಟೆಕ್ಟರ್ ಅಂಗೈಯಲ್ಲಿ ಹಿಡಿಸುತ್ತೆ. ಅದಿಲ್ಲದ ವಿಮಾನದಲ್ಲಿ ನನ್ನ ಮನೆಯವರನ್ನ ನಾನು ಕೂರಿಸಲ್ಲ.

ಕೋಟಿಗಟ್ಟಲೆ ಕೊಟ್ಟು ಜೆಟ್ ತಗೊಂಡ್ರೆ ಎಲ್ಲಾ ಸರಿಹೋಗುತ್ತಾ? ಪೂರ್ತಿ ಇಲ್ಲ. ಹೋಂಡಾಜೆಟ್ ಅನ್ನೋ ಪುಟ್ಟ ಜೆಟ್‌ನಲ್ಲಿ ಎಂಜಿನ್‌ಗಳನ್ನ ರೆಕ್ಕೆ ಮೇಲೆ ಕೂರಿಸಿದ್ದಕ್ಕೆ ಒಂದು ದೊಡ್ಡ ಕಾರಣ, ಒಡಲಿನ ಹಿಂಭಾಗದ ಜಾಗ ಪ್ರಯಾಣಿಕರಿಗೆ ಉಳೀಲಿ ಅನ್ನೋದು. ಆದ್ರೂ ಅದರೊಳಗಿನ ಎತ್ತರ ಐದಡಿ ಮುಟ್ಟಲ್ಲ, ಬಗ್ಗಿಕೊಂಡೇ ನಡೀಬೇಕು. ಎದುರುಬದುರು ಕೂತವರು ಮಂಡಿ ಅತ್ತಿತ್ತ ಸರಿಸ್ಕೊಂಡೇ ಕೂರಬೇಕು.

ಕೊನೆಗೆ, ಅಮೆರಿಕದಲ್ಲಿ ಪೈಲಟ್ ಲೈಸೆನ್ಸ್ ತಗೊಂಡಿರೋ ಕನ್ನಡಿಗರು ನೋಡ್ತಿದ್ರೆ ಅವರಿಗೆ ಒಂದು ಮಾತು. ಊರಿಂದ ಬಂದ ಅಪ್ಪ ಅಮ್ಮನನ್ನ ಕರ್ಕೊಂಡು ಹೋಗೋ ಆಸೆ ಇದ್ರೆ, ಮೊದಲು ಬಾಗಿಲು ನೋಡಿ. ಪೈಪರ್ ಚೆರೋಕೀಲಿ ಬಾಗಿಲು ಒಂದೇ, ಬಲಗಡೆ, ಅದೂ ರೆಕ್ಕೆ ಮೇಲೆ ಹತ್ತಿ ಹೋಗಬೇಕು. ಸೀರೆ ಉಟ್ಟ, ಮಂಡಿ ನೋವಿರೋ ಅಮ್ಮನಿಗೆ ಅದು ಕಷ್ಟ. ಸೆಸ್ನಾದ ರೆಕ್ಕೆ ಒಡಲಿನ ಮೇಲ್ಗಡೆ ಇದೆ, ಎರಡೂ ಕಡೆ ಬಾಗಿಲಿದೆ, ಮೇಲಿಂದ ನೆರಳೂ ಬೀಳುತ್ತೆ. ಮೊದಲು ನೀವು ನಿಮ್ಮ ಸೀಟಲ್ಲಿ ಕೂತು, ಪೆಡಲ್ ಸಿಗೋ ಹಾಗೆ ಸರಿಸಿ, ‘ಟಕ್’ ಅನ್ನಿಸಿ. ಆಮೇಲೆ ಅಮ್ಮ ಹಿಂದೆ ಕೂತು ಮಂಡಿಗೆ ಜಾಗ ಎಷ್ಟಿದೆ ಅಂತ ನೋಡ್ಲಿ. ಸಾಲದಿದ್ರೆ ಅವರನ್ನ ಮುಂದೆ ನಿಮ್ಮ ಪಕ್ಕದಲ್ಲೇ ಕೂರಿಸ್ಕೊಳ್ಳಿ, ಅಪ್ಪ ಹಿಂದೆ ಕಾಲು ಅಡ್ಡ ಹಾಕ್ಕೊಂಡು ಆರಾಮಾಗಿ ಕೂರ್ತಾರೆ.