ಹದಗೊಳಿಸಿದ ಇಳಿಜಾರಿಗೆ ಯಾವ ಸ್ಕೀ?

ಕೇಳುಗರಿಗೆ ನಮಸ್ಕಾರ. ಯಂತ್ರದಿಂದ ಹಿಮವನ್ನು ಸಮ ಮಾಡಿ ಹದಗೊಳಿಸಿದ ಇಳಿಜಾರಿಗೆ ಸ್ಕೀ ಆರಿಸುವುದು ಹೇಗೆ ಎಂಬುದು ಇವತ್ತಿನ ಮಾತು.

ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿಟ್ಟ ಸ್ಕೀಗಳ ಮುಂದೆ ನಿಂತರೆ ಮೊದಲು ಕಣ್ಣಿಗೆ ಹೊಡೆಯುವುದು ಬಣ್ಣ, ಆಮೇಲೆ ಬೆಲೆ. ಓದಬೇಕಾದದ್ದು ಹಲಗೆಯ ಮೇಲೆ ಎಲ್ಲೋ ಸಣ್ಣದಾಗಿ ಅಚ್ಚಾಗಿರುವ ಐದು ಅಂಕಿಗಳನ್ನು. 121, 68, 103 ಎಂದಿರುತ್ತದೆ. ಪಕ್ಕದಲ್ಲಿ ಆರ್ 13, ಉದ್ದ 165. ಮೊದಲ ಮೂರು ಅಂಕಿ ಮೂತಿ, ನಡು ಮತ್ತು ಬಾಲದ ಅಗಲ, ಮಿಲಿಮೀಟರಿನಲ್ಲಿ. ಆರ್ ಅಂದರೆ ತಿರುವಿನ ತ್ರಿಜ್ಯ, ಮೀಟರಿನಲ್ಲಿ. ಉದ್ದ ಸೆಂಟಿಮೀಟರಿನಲ್ಲಿ. ಇಷ್ಟು ಓದಲು ಬಂದರೆ ಜಾಹೀರಾತಿನ ಮುಕ್ಕಾಲು ಪಾಲು ಮಾತು ತಾನಾಗಿ ಉದುರಿಹೋಗುತ್ತದೆ.

ಮೂತಿ, ಬಾಲ ಅಗಲವಾಗಿ ನಡು ಕಿರಿದಾಗಿರುವ ಹಲಗೆಯನ್ನು ಅಂಚಿನ ಮೇಲೆ ವಾಲಿಸಿದರೆ ಮೊದಲು ಹಿಮಕ್ಕೆ ತಾಗುವುದು ಎರಡು ತುದಿಗಳು. ನಡುವಿನ ಮೇಲೆ ನಿಮ್ಮ ಭಾರ ಬಿದ್ದಾಗ ಹಲಗೆ ಬಾಗಿ, ಅಂಚು ಬಿಲ್ಲಿನಾಕಾರ ತಾಳುತ್ತದೆ. ಆ ಬಿಲ್ಲಿನ ಗುಂಟ ಸ್ಕೀ ತಾನೇ ತಿರುಗುತ್ತದೆ. ಇದೇ ಕಾರ್ವಿಂಗ್. 1990ರ ದಶಕದ ಆರಂಭದಲ್ಲಿ ಸ್ಲೊವೇನಿಯಾದ ಎಲಾನ್ ಕಂಪನಿ ಎಸ್‌ಸಿಎಕ್ಸ್ ಎಂಬ ಮಾದರಿಯಲ್ಲಿ ನಡುವನ್ನು ಹೀಗೆ ಆಳವಾಗಿ ಕೊರೆದು ತೋರಿಸಿತು. ಅದಕ್ಕೆ ಮೊದಲು ಎರಡು ಮೀಟರು ಉದ್ದದ, ಹೆಚ್ಚುಕಡಿಮೆ ನೆಟ್ಟಗಿನ ಹಲಗೆಗಳೇ ರೂಢಿ. ಅವುಗಳ ಮೇಲೆ ಸಾಮಾನ್ಯ ಸ್ಕೀಯರುಗಳ ತಿರುವು ಬಹುತೇಕ ಜಾರಾಟವೇ. ನೀವು ಕಾರ್ವ್ ಮಾಡುತ್ತಿದ್ದೀರೋ ಜಾರುತ್ತಿದ್ದೀರೋ ಎಂಬುದನ್ನು ಹಿಂತಿರುಗಿ ನೋಡಿದರೆ ಹಿಮವೇ ಹೇಳುತ್ತದೆ: ಕಾರ್ವ್ ಆಗಿದ್ದರೆ ಎರಡು ತೆಳು ಗೆರೆ, ಜಾರಿದ್ದರೆ ಅಗಲವಾಗಿ ಒರೆಸಿದ ಗುರುತು.

ತ್ರಿಜ್ಯದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. 13 ಮೀಟರಿನ ಸ್ಕೀ ಯಾವಾಗಲೂ 13 ಮೀಟರಿನ ತಿರುವನ್ನೇ ಕೊಡುವುದಿಲ್ಲ. ಹೆಚ್ಚು ವಾಲಿಸಿದಷ್ಟೂ ಹೆಚ್ಚು ಬಾಗುತ್ತದೆ, ತಿರುವು ಚಿಕ್ಕದಾಗುತ್ತದೆ. ಗಟ್ಟಿ ಹಿಮದಲ್ಲಿ 60 ಡಿಗ್ರಿ ವಾಲಿಸಿದರೆ ತ್ರಿಜ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದರೆ ಅಷ್ಟು ವಾಲಬೇಕಾದರೆ ವೇಗ ಬೇಕು, ಇಲ್ಲದಿದ್ದರೆ ಒಳಗಡೆಗೆ ಬೀಳುತ್ತೀರಿ. ಸ್ಥೂಲವಾಗಿ ಲೆಕ್ಕ ಹಾಕಿದರೆ, 45 ಡಿಗ್ರಿ ವಾಲಿ ಸಮತೋಲದಲ್ಲಿ ನಿಲ್ಲಲು 13 ಮೀಟರಿನ ಸ್ಕೀಗೆ ಗಂಟೆಗೆ 34 ಕಿಲೋಮೀಟರು ವೇಗ ಸಾಕು, 18 ಮೀಟರಿನದಕ್ಕೆ 40 ಬೇಕು. ಕಿರಿದಾದ, ಜನ ತುಂಬಿದ ಇಳಿಜಾರಿನಲ್ಲಿ ಈ ಆರು ಕಿಲೋಮೀಟರು ಸಣ್ಣ ವ್ಯತ್ಯಾಸವಲ್ಲ. ಹಾಗಾಗಿ ಚಿಕ್ಕ ತಿರುವಿನ ಚಟ ಇರುವವರಿಗೆ 12ರಿಂದ 14 ಮೀಟರು, ಅಗಲವಾದ ಖಾಲಿ ಇಳಿಜಾರಿನಲ್ಲಿ ಉದ್ದುದ್ದ ಬಳಸಿ ಇಳಿಯುವವರಿಗೆ 16ರಿಂದ 18. ಎರಡೂ ಬೇಕೆನ್ನುವವರಿಗೆ 15ರ ಆಸುಪಾಸು. ಒಂದೇ ಮಾದರಿಯಲ್ಲೂ ಉದ್ದ ಹೆಚ್ಚಿದರೆ ತ್ರಿಜ್ಯ ಹೆಚ್ಚುತ್ತದೆ. ನೀವು ಕೊಳ್ಳುವ ಉದ್ದದ ಮೇಲಿರುವ ಅಂಕಿಯನ್ನೇ ನೋಡಿ, ಪಟ್ಟಿಯಲ್ಲಿ ಇನ್ನೊಂದು ಉದ್ದಕ್ಕೆ ಕೊಟ್ಟದ್ದನ್ನಲ್ಲ.

ಆದರೂ ಎಲ್ಲಕ್ಕಿಂತ ಮುಖ್ಯವಾದ ಅಂಕಿ ನಡುವಿನ ಅಗಲ. 68 ಮಿಲಿಮೀಟರಿನ ಸ್ಕೀಯಲ್ಲಿ ಅಂಚು ನಿಮ್ಮ ಪಾದದ ಮಧ್ಯರೇಖೆಯಿಂದ 34 ಮಿಲಿಮೀಟರು ದೂರ, 90ರದರಲ್ಲಿ 45. ಗಟ್ಟಿ ಹಿಮ ಆ ಅಂಚನ್ನು ಮೇಲಕ್ಕೆ ಒತ್ತಿ ಹಲಗೆಯನ್ನು ಚಪ್ಪಟೆ ಮಲಗಿಸಲು ನೋಡುತ್ತದೆ. ಅಂಚು ದೂರ ಹೋದಷ್ಟೂ ಆ ಒತ್ತಡದ ಹಿಡಿತ ಬಲವಾಗುತ್ತದೆ, ಅದನ್ನು ತಡೆಯುವ ಕೆಲಸ ಕಾಲಿನ ಮೇಲೆ, ಅದರಲ್ಲೂ ಮಂಡಿಯ ಮೇಲೆ ಬೀಳುತ್ತದೆ. ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳಲೂ ತಡವಾಗುತ್ತದೆ. "ಎಲ್ಲದಕ್ಕೂ ಆಗುತ್ತದೆ" ಎಂದು 90 ಮಿಲಿಮೀಟರಿನದನ್ನು ಕೊಂಡು, ದಿನವಿಡೀ ಹದಗೊಳಿಸಿದ ಇಳಿಜಾರಿನಲ್ಲೇ ಇಳಿಯುವವರು ಎಲ್ಲ ಕಡೆ ಸಿಗುತ್ತಾರೆ. ಸಂಜೆ ಮಂಡಿ ನೀವಿಕೊಳ್ಳುವವರೂ ಹೆಚ್ಚಾಗಿ ಅವರೇ.

ಬರೀ ಗಟ್ಟಿ ಇಳಿಜಾರಿಗಾದರೆ 65ರಿಂದ 72. ಮಿಶ್ರ ಹಿಮಕ್ಕೆ 74ರಿಂದ 80. ಕಾರ್ವಿಂಗ್ ಮುಖ್ಯ ಅನ್ನುವವರು 85 ದಾಟುವುದು ನನ್ನ ಮಟ್ಟಿಗೆ ದಂಡ.

ಮಿಶ್ರ ಹಿಮ ಅಂದರೆ ಆಳವಾದ ಪುಡಿಹಿಮವಲ್ಲ. ಬೆಳಿಗ್ಗೆ ಯಂತ್ರ ಎಳೆದ ಗೀರುಗಳಿಂದ ಗರಿಗರಿಯಾಗಿರುವ ಅದೇ ಇಳಿಜಾರು ಮಧ್ಯಾಹ್ನದ ಹೊತ್ತಿಗೆ ನೂರಾರು ಜನರ ಅಂಚಿಗೆ ಸಿಕ್ಕಿ, ಅಲ್ಲಲ್ಲಿ ಗುಡ್ಡೆಗುಡ್ಡೆ ಸಡಿಲ ಹಿಮ, ನಡುನಡುವೆ ಬಯಲಾದ ಹೊಳೆಯುವ ಗಡಸು ಪದರ. ಚಳಿಗಾಲದ ಕೊನೆಯಲ್ಲಂತೂ ರಾತ್ರಿ ಹೆಪ್ಪುಗಟ್ಟಿದ್ದು ಮಧ್ಯಾಹ್ನಕ್ಕೆ ನೀರುನೀರು. ಇಂಥಲ್ಲಿ ಸ್ಲಾಲಂ ಸ್ಕೀಯ, ಅಂದರೆ ಚಿಕ್ಕ ತಿರುವಿಗೆಂದೇ ಮಾಡಿದ ಕಿರಿದಾದ ನಡುವಿನ ಸ್ಕೀಯ, ಅಗಲ ಮೂತಿ ಪ್ರತಿ ಗುಡ್ಡೆಗೂ ಸಿಕ್ಕಿಕೊಂಡು ಕಾಲನ್ನು ಒಳಕ್ಕೆ ಎಳೆಯುತ್ತದೆ. ಪರಿಹಾರಕ್ಕೆ ಎಲ್ಲರೂ ಮೊದಲು ಯೋಚಿಸುವುದು ನಡುವಿನ ಅಗಲವನ್ನು. ವಾಸ್ತವದಲ್ಲಿ ಇಲ್ಲಿ ಹೆಚ್ಚು ಕೆಲಸ ಮಾಡುವುದು ಮೂತಿಯ ಆಕಾರ ಮತ್ತು ಸ್ಕೀಯ ತೂಕ.

ಎರಡು ಸ್ಕೀಗಳನ್ನು ತಳಕ್ಕೆ ತಳ ಸೇರಿಸಿ ಹಿಡಿದು, ಪಕ್ಕದಿಂದ ನೋಡಿ. ನಡುವೆ ಕಾಣುವ ಸಂದು ಕ್ಯಾಂಬರ್. ನಿಮ್ಮ ಭಾರವನ್ನು ಮೂತಿ, ಬಾಲಗಳಿಗೆ ಹಂಚುವುದು ಅದೇ. ಈಗ ನಡುವನ್ನು ಕೈಯಿಂದ ಒತ್ತಿ ಮುಚ್ಚಿ. ಮೂತಿಯ ಕಡೆ ಎರಡು ತಳಗಳು ಎಲ್ಲಿ ಬೇರೆಯಾಗುತ್ತವೆ? ಅಲ್ಲಿಂದ ಮುಂದಕ್ಕೆ ಮೇಲಕ್ಕೆ ಬಾಗಿದ ಭಾಗವೇ ರಾಕರ್. ತುದಿಯ ಹತ್ತಿರ ಬಂದ ಮೇಲೆ ಬೇರೆಯಾದರೆ ಗಟ್ಟಿ ಹಿಮದ ಸ್ಕೀ. ಒಂದಿಷ್ಟು ಮೊದಲೇ ಬೇರೆಯಾದರೆ ಮೂತಿ ಗುಡ್ಡೆಯನ್ನು ಹತ್ತಿ ದಾಟುತ್ತದೆ, ಮಿಶ್ರ ಹಿಮಕ್ಕೆ ಅದೇ ಬೇಕು. ಬಾಲದ ಕಡೆಯೂ ಬೇಗ ಬೇರೆಯಾಗುವಂಥದ್ದನ್ನು ಬಿಟ್ಟುಬಿಡಿ. ಗಟ್ಟಿ ಹಿಮದಲ್ಲಿ ತಿರುವಿನ ಕೊನೆಗೆ ಹಿಡಿತ ಬೇಕಾದಾಗಲೇ ಅದು ಜಾರುತ್ತದೆ.

ಇನ್ನು ಒಳಗಿನ ರಚನೆ. ಮರದ ತಿರುಳಿನ ಮೇಲೆ, ಕೆಳಗೆ ಟೈಟನಾಲ್ ಹಾಳೆ ಇದ್ದರೆ ಸ್ಕೀ ಅದುರುವುದು ಕಡಿಮೆ, ತಿರುಚಿಕೊಳ್ಳುವುದೂ ಕಡಿಮೆ. ಟೈಟನಾಲ್ ಅಂದರೆ ಟೈಟಾನಿಯಂ ಅಲ್ಲ, ಅಲ್ಯೂಮಿನಿಯಂ ಮಿಶ್ರಲೋಹ. ಮಾರುವವರೂ ಇದನ್ನು ಗೊಂದಲ ಮಾಡುತ್ತಾರೆ. ಎರಡು ಪೂರ್ಣ ಹಾಳೆಯ ಸ್ಕೀ ಭಾರ. ಆ ಭಾರವೇ ಗುಡ್ಡೆಗಳನ್ನು ಸೀಳಿಕೊಂಡು ಹೋಗುತ್ತದೆ, ಹಗುರವಾದದ್ದು ಪುಟಿಯುತ್ತದೆ. ಆದರೆ 60 ಕಿಲೋ ತೂಕದ, ನಿಧಾನವಾಗಿ ಇಳಿಯುವವರ ಕಾಲಡಿ ಅದೇ ಸ್ಕೀ ಬಾಗುವುದೇ ಇಲ್ಲ. ಬಾಗದ ಸ್ಕೀ ಕಾರ್ವ್ ಮಾಡುವುದಿಲ್ಲ, ನೆಟ್ಟಗೆ ಓಡುತ್ತದೆ. ಅಂಥವರಿಗೆ ಒಂದು ಹಾಳೆಯದ್ದು ಅಥವಾ ಲೋಹವಿಲ್ಲದ್ದೇ ಲೇಸು. ಬಾಲವನ್ನು ನೆಲಕ್ಕೆ ಊರಿ, ಮೂತಿ ಹಿಡಿದು, ನಡುವನ್ನು ಅಂಗೈಯಿಂದ ಒತ್ತಿ ನೋಡಿ. ಬಳಿಕ ಮೂತಿಯನ್ನು ಹಿಂಡುವಂತೆ ತಿರುಚಿ ನೋಡಿ. ಉದ್ದಕ್ಕೆ ಬಾಗಬೇಕು, ತಿರುಚಲು ಬಗ್ಗಬಾರದು. ನಾಲ್ಕಾರು ಮಾದರಿಗಳನ್ನು ಹೀಗೆ ಪರೀಕ್ಷಿಸುವಷ್ಟರಲ್ಲಿ ಕೈಗೆ ವ್ಯತ್ಯಾಸ ತಿಳಿಯುತ್ತದೆ.

ಉದ್ದ: ಚಿಕ್ಕ ತಿರುವಿನದು ಗದ್ದದ ಮಟ್ಟಕ್ಕೆ, ಉದ್ದ ತಿರುವಿನದು ಮೂಗಿನಿಂದ ಹಣೆಯ ಮಟ್ಟಕ್ಕೆ. ಹೆಚ್ಚು ಭಾರದವರು ಇದರಲ್ಲೇ ಉದ್ದನೆಯದರ ಕಡೆಗೆ ವಾಲಬಹುದು.

ಎಷ್ಟು ಒಳ್ಳೆಯ ಸ್ಕೀಯೂ ಅಂಚು ಮೊಂಡಾದರೆ ಹೋಯಿತು. "ಈ ಸ್ಕೀಗೆ ಹಿಡಿತವಿಲ್ಲ" ಎಂಬ ದೂರಿನ ಹಿಂದೆ ಬಹುಪಾಲು ಇರುವುದು ಇದೇ. ಹೆಬ್ಬೆರಳಿನ ಉಗುರನ್ನು ಅಂಚಿಗೆ ಅಡ್ಡಲಾಗಿ, ಹಗುರವಾಗಿ ಎಳೆದರೆ ಉಗುರಿನ ಪುಡಿ ಬರಬೇಕು. ನುಣ್ಣಗೆ ಜಾರಿದರೆ ಅರ ಹಿಡಿಯುವ ಹೊತ್ತಾಯಿತು. ಅಂಚಿನ ತಳದ ಕಡೆಯ ಕೋನ, ಅಂದರೆ ತಳದ ಮಟ್ಟದಿಂದ ಅಂಚು ಓರೆಯಾಗಿರುವುದು, 0.5ರಿಂದ 1 ಡಿಗ್ರಿ, ಪಕ್ಕದ್ದು 88 ಡಿಗ್ರಿ, ಹಿಮ ತೀರಾ ಗಡಸಾಗಿದ್ದರೆ 87. ಪಕ್ಕವನ್ನು ಮತ್ತೆ ಮತ್ತೆ ಅರೆಯಬಹುದು. ತಳದ ಕೋನ ಒಮ್ಮೆ ಹೆಚ್ಚಾದರೆ ಅದನ್ನು ಇಳಿಸಲು ಇಡೀ ತಳವನ್ನೇ ಉಜ್ಜಿಸಬೇಕು. ಬಳಸಿದ ಸ್ಕೀ ಕೊಳ್ಳುವಾಗ ಪಕ್ಕದ ಉಕ್ಕು ಎಷ್ಟು ದಪ್ಪ ಉಳಿದಿದೆ ನೋಡಿ. ಒಂದು ಮಿಲಿಮೀಟರಿಗೂ ಕಡಿಮೆ ಇದ್ದರೆ ಅಗ್ಗವಾಗಿ ಸಿಕ್ಕರೂ ಬೇಡ.

ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಬಗ್ಗೆ ಎರಡೇ ಮಾತು. ಬಿದ್ದಾಗ ಎಷ್ಟು ಬಲಕ್ಕೆ ಅದು ಬೂಟನ್ನು ಬಿಡಬೇಕು ಎಂಬ ಬಿಡುಗಡೆಯ ಅಂಕಿಯನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಇಳಿಯುವ ಶೈಲಿ ನೋಡಿ ತಂತ್ರಜ್ಞರೇ ಹೊಂದಿಸಲಿ. ಗೆಳೆಯರ ಅಂಕಿ ನಿಮಗೆ ಬಾರದು. ಬೂಟಿನ ಅಟ್ಟೆ ಗ್ರಿಪ್‌ವಾಕ್ ಬಗೆಯದಾಗಿದ್ದರೆ, ಅಂದರೆ ನಡೆಯಲು ಸುಲಭವಾಗುವಂತೆ ಬಾಗಿಸಿದ್ದಾಗಿದ್ದರೆ, ಬೈಂಡಿಂಗ್ ಅದಕ್ಕೆ ಒಗ್ಗುವಂಥದ್ದೇ ಎಂದು ಖಚಿತಪಡಿಸಿಕೊಳ್ಳಿ. ಬೂಟು ಕಳಚಿದಾಗ ಸ್ಕೀ ಜಾರಿಹೋಗದಂತೆ ತಡೆಯುವ ಬ್ರೇಕನ್ನು ಪ್ರತ್ಯೇಕವಾಗಿ ಆರಿಸಬೇಕಾಗಿ ಬಂದರೆ, ನಡುವಿನಷ್ಟೇ ಅಥವಾ ಅದಕ್ಕಿಂತ ಹತ್ತು ಮಿಲಿಮೀಟರಿನವರೆಗೆ ಹೆಚ್ಚು ಅಗಲದ್ದು ಸಾಕು: 78ರ ಸ್ಕೀಗೆ 85ರದು ಸರಿ. 100ರದನ್ನು ಹಾಕಿದರೆ ಪೂರ್ತಿ ವಾಲಿದ ತಿರುವಿನಲ್ಲಿ ಬ್ರೇಕಿನ ತೋಳು ಹಿಮಕ್ಕೆ ತಗಲಿ, ಕಚ್ಚಿ ನಿಂತಿದ್ದ ಅಂಚನ್ನು ಎತ್ತಿಬಿಡುತ್ತದೆ.